ಪ್ರಾಕ್ಸಿ ಹಾಕಿದವಳು

ನನ್ನ ಕೆಲಸ ಏನೆಂದು ನಮ್ಮ ಅತ್ತೆಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಯಾರಾದರೂ ಕೇಳಿದರೆ "ಕಾಲೇಜಲ್ಲಿ ಎಸಿ ರೂಮಲ್ಲಿ ಕೂತಿರ್ತಾಳೆ" ಎನ್ನುತ್ತಿದ್ದರು. ಸುಳ್ಳೇನಲ್ಲ. ಶಿವಮೊಗ್ಗದ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿ ಸೇರಿದವಳು ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಎಂಬ ಉದ್ದನೆಯ ಹೆಸರಿನಲ್ಲಿ ನಿವೃತ್ತಳಾದೆ. ನಡುವೆ ಸಿಕ್ಕ ಬಡ್ತಿ, ಶಾಲು, ಹಣ್ಣಿನ ಬುಟ್ಟಿಗಳ ವಿಷಯ ಬರೆದರೆ ಯಾರಿಗೂ ಉಪಯೋಗವಿಲ್ಲ. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಸಿಕ್ಕಾಗ "ಗಿರಿಜಾ ಮೇಡಂ, ನಿಮ್ಮ ಕಾಲದಲ್ಲಿ ಹೆಂಗಿತ್ತು?" ಎಂದು ಕೇಳುತ್ತಾರೆ. ಅವರಿಗೆಂದು ಬರೆಯಲು ಕೂತರೆ ಎಲ್ಲಿಂದ ಹೊರಟರೂ ಹೇಮಾವತಿಯ ಹತ್ತಿರವೇ ಬಂದು ನಿಲ್ಲುತ್ತೇನೆ. ಅವಳ ಕತೆ ನೆನೆದರೆ ಇಷ್ಟು ವರ್ಷವಾದ ಮೇಲೂ ಹೊಟ್ಟೆ ಉರಿಯುತ್ತದೆ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಸೇರಿದಾಗ ಲ್ಯಾಬಿಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ದೇವರ ಮನೆಗೆ ಹೋದ ಹಾಗೆ ಕಾಲು ಒರೆಸಿಕೊಂಡು ಹೋಗಬೇಕು. ಪ್ರಿನ್ಸಿಪಾಲರು ಬೇಸಿಗೆಯಲ್ಲಿ ಯಾರೇ ದೊಡ್ಡವರು ಬಂದರೂ "ಬನ್ನಿ, ನಮ್ಮ ಕಂಪ್ಯೂಟರ್ ಸೆಂಟರ್ ನೋಡಿ" ಎಂದು ಕರೆತಂದು ಕೂರಿಸುತ್ತಿದ್ದರು. ಕಂಪ್ಯೂಟರ್ ನೋಡಲಿಕ್ಕಲ್ಲ, ತಣ್ಣಗೆ ಕಾಫಿ ಕುಡಿಯಲಿಕ್ಕೆ. ಆಯುಧಪೂಜೆಯ ದಿನ ನನ್ನ ಮುಖ್ಯ ಕೆಲಸ ಕುಂಕುಮ ಫ್ಲಾಪಿ ಡ್ರೈವಿನೊಳಗೆ ಹೋಗದಂತೆ ಕಾಯುವುದಾಗಿತ್ತು. ಒಂದು ವರ್ಷ ನಾನು ರಜೆ ಹಾಕಿದ್ದೆ. ಮರಳಿ ಬಂದು ನೋಡಿದರೆ ಮಾನಿಟರಿನ ಗಾಳಿಯಾಡುವ ಸಂದಿಯೊಳಗೆಲ್ಲ ಅರಿಶಿನದ ನೀರು. ಅದನ್ನು ಒಣಗಿಸುವಷ್ಟರಲ್ಲಿ ದೀಪಾವಳಿ ಬಂತು.

ಆಗೆಲ್ಲ ಮೆಷಿನ್‌ಗಳು ಒಂದಕ್ಕೊಂದು ಮಾತಾಡಿದರೆ ಸಾಕಿತ್ತು, ಹೊರಗಿನ ಪ್ರಪಂಚದ ಗೊಡವೆಯೇ ಇರಲಿಲ್ಲ. ಆಮೇಲೆ ಫೋನ್ ಲೈನಿಗೆ ಮೋಡೆಮ್ ಬಂತು. ಅದು ಕಿರ್ರೋ ಎಂದು ಕೂಗಿ ಕನೆಕ್ಟ್ ಆಗುವ ಹೊತ್ತಿಗೆ ಆಫೀಸಿನವರು ಅದೇ ಲೈನಿನ ಫೋನ್ ಎತ್ತಿ "ಹಲೋ" ಎಂದುಬಿಡುತ್ತಿದ್ದರು, ಎಲ್ಲ ಹೋಯಿತು. ಎರಡು ಸಾವಿರದ ಆಚೆ ಈಚೆ ಕಾಲೇಜಿಗೆ ಫೋನಿನ ಹಂಗಿಲ್ಲದೆ ದಿನವಿಡೀ ಇಂಟರ್‌ನೆಟ್ ಕೊಡುವ ಸ್ವಂತದ ಲೀಸ್ಡ್ ಲೈನ್ ಬಂದಾಗ ನಾವು ಸಿಹಿ ಹಂಚಿದೆವು.

ಹೇಮಾವತಿ ಕೆಲಸಕ್ಕೆ ಸೇರಿದ್ದು ಅದಕ್ಕೆ ಸ್ವಲ್ಪ ಮುಂಚೆ. ಭದ್ರಾವತಿಯ ಕಾಗದನಗರದವಳು. ಅಪ್ಪ ಅಲ್ಲಿನ ಕಾಗದದ ಕಾರ್ಖಾನೆಯ ಕೆಲಸಗಾರರು, ಕ್ವಾರ್ಟರ್ಸ್‌ನಲ್ಲಿ ಮನೆ. ಮನೆಯಲ್ಲಿ ತೆಲುಗು, ಪಕ್ಕದ ಮನೆಯಲ್ಲಿ ತಮಿಳು, ಹಾಗಾಗಿ ಅವಳ ಕನ್ನಡದಲ್ಲಿ ಮೂರರ ರುಚಿಯೂ ಇತ್ತು. ಡಿಪ್ಲೊಮಾ ಮುಗಿಸಿ ಬೇರೆ ಕಡೆ ಕೆಲವು ವರ್ಷ ದುಡಿದು ಬಂದವಳು, ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ಚಿಕ್ಕವಳು. ನಮ್ಮಲ್ಲಿ ಅವಳದು ಗುತ್ತಿಗೆ ನೌಕರಿ. ಪ್ರತಿ ವರ್ಷ ಜೂನ್ ಬಂತೆಂದರೆ ಮುಂದುವರಿಸುತ್ತಾರೋ ಇಲ್ಲವೋ ಎಂದು ಅವಳ ಮುಖ ಇಷ್ಟು ಚಿಕ್ಕದಾಗುತ್ತಿತ್ತು.

"ಅಪ್ಪ ರಿಟೈರ್ ಆದ್ರೆ ಕ್ವಾರ್ಟರ್ಸ್ ಬಿಡ್ಬೇಕು ಗಿರಿಜಕ್ಕಾ. ಅಷ್ಟ್ರಲ್ಲಿ ನಂದೊಂದು ಪರ್ಮನೆಂಟ್ ಆಗ್ಬಿಟ್ರೆ ಇಲ್ಲೇ ಒಂದು ಮನೆ ಮಾಡಿ ಅಪ್ಪ ಅಮ್ಮನ್ನ ಕರ್ಕೊಂಡ್ ಬಂದ್ಬಿಡ್ತೀನಿ" ಎನ್ನುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ನನಗೂ ಅವಳಿಗಾಗಿ ಅದೊಂದೇ ಬೇಕಾಗಿತ್ತು.

ಲೈನ್ ಏನೋ ಬಂತು, ಆದರೆ ಇಡೀ ಕಾಲೇಜಿಗೆ ಅದೊಂದೇ. ಹೊರಗಿನಿಂದ ನಮ್ಮನ್ನು ಗುರುತಿಸುವ ವಿಳಾಸವೂ ಒಂದೇ. ಅದರ ಮೇಲೆ ನಮ್ಮ ಟ್ರಸ್ಟಿನ ಕಾರ್ಯದರ್ಶಿಗಳಿಗೆ ಒಂದು ಆಸೆ ಹುಟ್ಟಿತು. ಅವರು ಗಾಂಧಿ ಬಜಾರಿನ ವ್ಯಾಪಾರಸ್ಥರು, ದಿನಾ ಸ್ನಾನ ಪೂಜೆ ಮುಗಿಸಿ ವಿಭೂತಿ ಧರಿಸಿ ಮೊದಲು ಕಾಲೇಜಿಗೆ ಬಂದು, ಆಮೇಲೆ ಅಂಗಡಿಗೆ ಹೋಗುವವರು. ಕಾಲೇಜಿನ ಒಂದು ಸೀಮೆಸುಣ್ಣದ ತುಂಡನ್ನೂ ಮನೆಗೆ ಒಯ್ದವರಲ್ಲ. "ಹುಡುಗರ ಮಾರ್ಕ್ಸು, ಹಾಜರಿ ಎಲ್ಲಾ ತಂದೆ ತಾಯಿ ತಮ್ಮ ಊರಲ್ಲೇ ಇಂಟರ್‌ನೆಟ್ ಸೆಂಟರಲ್ಲಿ ನೋಡೋ ಹಂಗಾಗ್ಬೇಕು ಗಿರಿಜಮ್ಮ" ಎಂದರು. ಒಳಗಿನವರು ಹೊರಗಿನದನ್ನು ನೋಡುವುದು, ಹೊರಗಿನವರು ನಮ್ಮದನ್ನು ನೋಡುವುದು, ಈ ಎರಡು ಕೆಲಸಕ್ಕೆ ಎರಡು ಸರ್ವರ್ ಬೇಕೆಂದೆ. "ಒಂದರಲ್ಲೇ ಮಾಡಿ" ಎಂದು ಎದ್ದು ಹೋದರು.

ಒಂದರಲ್ಲೇ ಮಾಡಬಹುದಿತ್ತು. ಹೇಗೆಂದು ಹೇಳುತ್ತೇನೆ, ಗೊತ್ತಿದ್ದವರು ಸ್ವಲ್ಪ ಸಹಿಸಿಕೊಳ್ಳಿ. ಲೇಡೀಸ್ ಹಾಸ್ಟೆಲಿನ ಆಯಾಳನ್ನು ನೆನೆಸಿಕೊಳ್ಳಿ. ಹುಡುಗಿಯರು ಹೊರಗೆ ಹೋಗುವಂತಿಲ್ಲ, ಎಲ್ಲರ ಸಾಮಾನನ್ನೂ ಅವಳೊಬ್ಬಳೇ ಬಜಾರಿಗೆ ಹೋಗಿ ತರುತ್ತಾಳೆ. ಮತ್ತೆ ಮತ್ತೆ ಬೇಕಾಗುವುದನ್ನು ತನ್ನ ಕೋಣೆಯಲ್ಲೇ ಇಟ್ಟುಕೊಂಡು ಅಲ್ಲಿಂದಲೇ ಕೊಡುತ್ತಾಳೆ. ಇದು ಫಾರ್ವರ್ಡ್ ಪ್ರಾಕ್ಸಿ. ಭಾನುವಾರ ಅದೇ ಆಯಾ ಬಾಗಿಲಲ್ಲಿ ಕೂತು, ನೋಡಲು ಬಂದ ತಂದೆ ತಾಯಿಗೆ "ಇಲ್ಲೇ ಇರಿ" ಎಂದು ಹೇಳಿ ಒಳಗಿನಿಂದ ಬೇಕಾದದ್ದನ್ನು ತಂದುಕೊಡುತ್ತಾಳೆ, ಯಾರನ್ನೂ ಒಳಗೆ ಬಿಡುವುದಿಲ್ಲ. ಅದು ರಿವರ್ಸ್ ಪ್ರಾಕ್ಸಿ. ಎರಡನ್ನೂ ಒಬ್ಬಳೇ ಮಾಡುವಾಗ ಎಚ್ಚರ ಬೇಕಾದದ್ದು ಒಂದೇ ಕಡೆ. ಬೀದಿಯಲ್ಲಿ ಹೋಗುವವನು "ಏಯ್, ನನಗೂ ಬಜಾರಿಂದ ತಂದ್ಕೊಡು" ಎಂದರೆ ಅವಳು ಹೊರಟುಬಿಡಬಾರದು. ಹಾಗೆ ಹೊರಟರೆ ಊರಿನವರ ಕೆಲಸವೆಲ್ಲ ನಮ್ಮ ಲೈನಿನ ಮೇಲೆ, ಅವರು ಮಾಡುವ ಕಿತಾಪತಿಯೆಲ್ಲ ನಮ್ಮ ಹೆಸರಿನಲ್ಲಿ.

ಲಿನಕ್ಸ್ ಹಾಕಿದ ಒಂದು ಮೆಷಿನ್‌ಗೆ ಎರಡು ನೆಟ್‌ವರ್ಕ್ ಕಾರ್ಡ್ ಕೂರಿಸಿದೆವು, ಒಂದರ ಮುಖ ಹೊರಗೆ, ಒಂದರ ಮುಖ ಒಳಗೆ. ಪ್ರಾಕ್ಸಿಯ ಪ್ರೋಗ್ರಾಂ ಪುಕ್ಕಟೆ ಸಿಗುತ್ತಿತ್ತು. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬ ನಿಯಮಗಳನ್ನು ಒಂದರ ಕೆಳಗೊಂದು ಬರೆಯಬೇಕು. ಅದು ಮೇಲಿನಿಂದ ಓದುತ್ತಾ ಬಂದು, ಮೊದಲು ಹೊಂದಿದ ನಿಯಮಕ್ಕೇ ನಿಂತುಬಿಡುತ್ತದೆ, ಮುಂದಕ್ಕೆ ಓದುವುದೇ ಇಲ್ಲ. ಈ ಒಂದು ವಿಷಯ ಗೊತ್ತಿಲ್ಲದೆ ಕೆಲಸಕ್ಕೆ ಕೈ ಹಾಕಬೇಡಿ. ನಾವು ಮೊದಲ ದಿನ "ಎಲ್ಲರನ್ನೂ ತಡೆ" ಎಂಬ ಸಾಲನ್ನು ಮೇಲೆ ಬರೆದು ಇಡೀ ಕಾಲೇಜಿಗೆ ಬಾಗಿಲು ಹಾಕಿದೆವು. ಪ್ರಿನ್ಸಿಪಾಲರು ಓಡಿಬಂದು "ಏನ್ರೀ, ಇಂಟರ್‌ನೆಟ್ಟೇ ಸತ್ತೋಯ್ತಾ?" ಎಂದರು. ಹೇಮಾ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು.

ಒಳಗೆ ಕೂತು ಹೊರಗಿನ ಬಾಗಿಲನ್ನು ಪರೀಕ್ಷೆ ಮಾಡಲು ಬರುವುದಿಲ್ಲ. ಆ ಕೆಲಸ ಹೇಮಾ ವಹಿಸಿಕೊಂಡಳು. ಸಂಜೆ ಮನೆಗೆ ಹೋಗುವಾಗ ಭದ್ರಾವತಿಯಲ್ಲಿ ಬಸ್ಸಿಳಿದು ಒಂದು ಬ್ರೌಸಿಂಗ್ ಸೆಂಟರಿಗೆ ಹೋಗಿ, ಅಲ್ಲಿಂದ ಲ್ಯಾಬಿಗೆ ಫೋನ್ ಮಾಡುತ್ತಿದ್ದಳು.

"ಅಕ್ಕಾ, ಕಾಣ್ತು! ನಮ್ ಕಾಲೇಜ್ ಕಾಣ್ತು! ಪ್ರಿನ್ಸಿಪಾಲ್ ಫೋಟೋನೂ ಬಂತು, ಅರ್ಧ ಮೀಸೆ ಇನ್ನೂ ಇಳೀತಾ ಇದೆ!"

"ಮೀಸೆ ಇರ್ಲಿ ಮಾರಾಯ್ತಿ. ಆ ಮೆಷಿನ್ನಿಗೆ ನಮ್ಮ ಪ್ರಾಕ್ಸಿ ಹಾಕಿ ಬೇರೆ ಸೈಟ್ ಕೇಳಿ ನೋಡು. ಬಿಡತ್ತಾ?"

ಆ ಕಡೆ ಕೀಬೋರ್ಡ್ ಕುಟ್ಟುವುದು ಕೇಳಿಸಿತು. ಆಮೇಲೆ ಸಣ್ಣ ದನಿಯಲ್ಲಿ "ಬಿಡ್ತಾ ಇದೆ ಅಕ್ಕಾ" ಎಂದಳು. ಅಂದರೆ ಬೀದಿಯವನ ಕೆಲಸಕ್ಕೂ ಆಯಾ ಬಜಾರಿಗೆ ಹೊರಟಿದ್ದಳು. ನಾನು ಮೆಷಿನ್ನಿನ ಹೊರಗಿನ ಬಾಗಿಲು ಮುಚ್ಚಿ ಮನೆಗೆ ಹೋದೆ. ಮರುದಿನ ಇಬ್ಬರೂ ಕೂತು ನಿಯಮಗಳನ್ನು ಬೇರೆ ಬೇರೆ ಮಾಡಿದೆವು. ಒಳಗಿನ ವಿಳಾಸದವರು ಎಲ್ಲಿಗಾದರೂ ಹೋಗಬಹುದು. ಹೊರಗಿನಿಂದ ಬಂದವರಿಗೆ ನಮ್ಮ ಕಾಲೇಜಿನ ಸೈಟ್ ಒಂದೇ. ಮಿಕ್ಕಿದ್ದೆಲ್ಲಕ್ಕೂ ತಡೆ, ಕಟ್ಟಕಡೆಯಲ್ಲಿ. ಆ ಅನುಕ್ರಮವನ್ನು ಹೇಳಿದ್ದು ಅವಳು, ಟೈಪ್ ಮಾಡಿದ್ದು ನಾನು. ಅವತ್ತು ಸಂಜೆ ಭದ್ರಾವತಿಯಿಂದ ಫೋನ್ ಬಂತು. "ಆಗಲ್ಲ ಹೋಗು ಅಂತು ಅಕ್ಕಾ! ಬೇರೆ ಸೈಟ್ ಕೇಳಿದ್ರೆ ಮುಖಕ್ಕೆ ಹೊಡ್ದಂಗೆ ಆಗಲ್ಲ ಅಂತು!" ಬೈಸಿಕೊಂಡು ಅಷ್ಟು ಸಂತೋಷಪಟ್ಟ ಇನ್ನೊಬ್ಬರನ್ನು ನಾನು ನೋಡಿಲ್ಲ. ನನ್ನ ಇಡೀ ಸರ್ವೀಸಿನಲ್ಲಿ ಅಂಥ ಸಂಜೆ ಮತ್ತೆ ಬರಲಿಲ್ಲ.

ಇನ್ನು ಉಳಿದದ್ದು ಕಾಲೇಜಿನ ಒಂದೊಂದು ಕಂಪ್ಯೂಟರಿನ ಬ್ರೌಸರಿಗೂ ಪ್ರಾಕ್ಸಿಯ ವಿಳಾಸ ತುಂಬುವ ಕೆಲಸ. ನಮ್ಮ ಮಾತಿನಲ್ಲಿ ಅದಕ್ಕೆ ಪ್ರಾಕ್ಸಿ ಹಾಕುವುದು ಎನ್ನುತ್ತಿದ್ದೆವು. ಹೇಮಾ ಒಂದೊಂದೇ ವಿಭಾಗಕ್ಕೆ ಹೋಗಿ ಹಾಕಿಕೊಟ್ಟು ಬರುತ್ತಿದ್ದಳು. ಕಾರಿಡಾರಿನಲ್ಲಿ ಯಾರು ಸಿಕ್ಕರೂ "ಮೇಡಂ, ನಮಗೆ ಯಾವಾಗ ಪ್ರಾಕ್ಸಿ ಹಾಕ್ತೀರಾ?" ಎಂದು ಕೇಳುವವರೇ.

ಕಾಲೇಜಿನಲ್ಲಿ ಓದಿದ ಯಾರಿಗೂ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಲಾಸಿಗೆ ಬಾರದ ಗೆಳೆಯನ ನಂಬರ್ ಕೂಗಿದಾಗ ದನಿ ಬದಲಿಸಿ "ಪ್ರೆಸೆಂಟ್ ಸರ್" ಎನ್ನುವುದಕ್ಕೂ ಪ್ರಾಕ್ಸಿ ಹಾಕುವುದು ಎಂದೇ ಹೆಸರು. ಆ ವರ್ಷ ಕಾರ್ಯದರ್ಶಿಗಳು ಅದರ ಮೇಲೆ ಯುದ್ಧವನ್ನೇ ಸಾರಿದ್ದರು. ತಾವೇ ಕ್ಲಾಸಿನ ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಿದ್ದರು. "ಪ್ರಾಕ್ಸಿ ಅನ್ನೋ ಮಾತು ನನ್ನ ಕಿವಿಗೆ ಬೀಳ್ಬಾರ್ದು" ಎಂದು ಸ್ಟಾಫ್ ಮೀಟಿಂಗಿನಲ್ಲಿ ಮೇಜು ಗುದ್ದಿದ್ದರು. ಅಂಥವರ ಕಿವಿಗೆ ಯಾರೋ ಹಾಕಿದರು, ಹೇಮಾವತಿ ಮೇಡಂ ಎಲ್ಲರಿಗೂ ಪ್ರಾಕ್ಸಿ ಹಾಕಿಕೊಡ್ತಿದಾರೆ ಎಂದು. ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದಿತ್ತೋ ಇಲ್ಲವೋ ನನಗೆ ತಿಳಿಯದು. ಮಾತಂತೂ ನಿಜವೇ ಆಗಿತ್ತು.

ಅದೇ ವಾರ ಗುತ್ತಿಗೆಯವರನ್ನು ಕಾಯಂ ಮಾಡುವ ಸಂದರ್ಶನ. ಹೇಮಾ ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಿದ್ದಳು. ದಾರಿಯಲ್ಲಿ ಮಲವಗೊಪ್ಪದ ಹತ್ತಿರ ಬಸ್ಸು ಕೆಟ್ಟು ನಿಂತು, ಆಟೋ ಹಿಡಿದು ಓಡಿಬಂದಿದ್ದಳು. ಪ್ರಾಕ್ಸಿಯ ಕೆಲಸಕ್ಕೆ ಶಹಬ್ಬಾಸ್ ಹೇಳಿ ಕೆಲಸ ಕಾಯಂ ಮಾಡುತ್ತಾರೆ ಎಂದೇ ನಾವಿಬ್ಬರೂ ನಂಬಿದ್ದೆವು. ಒಳಗೆ ಕಾರ್ಯದರ್ಶಿಗಳು, ಒಬ್ಬ ಟ್ರಸ್ಟಿ, ನಮ್ಮ ಪ್ರಿನ್ಸಿಪಾಲರು. ಅಲ್ಲಿ ನಡೆದದ್ದನ್ನು ಆಮೇಲೆ ಹೇಮಾಳೂ ಹೇಳಿದಳು, ಪ್ರಿನ್ಸಿಪಾಲರೂ ಹೇಳಿದರು. ಇಬ್ಬರದೂ ಒಂದೇ.

"ಲ್ಯಾಬಲ್ಲಿ ಪ್ರಾಕ್ಸಿ ನಡೀತಿದೆ ಅಂತ ಕೇಳ್ದೆ. ಹೌದಾ?" ಎಂದರಂತೆ ಕಾರ್ಯದರ್ಶಿಗಳು.

"ಹೌದು ಸರ್, ಚೆನ್ನಾಗಿ ನಡೀತಿದೆ!"

"ಯಾರು ಹಾಕ್ತಿರೋದು?"

"ನಾನೇ ಸರ್."

"ಯಾರ್ಯಾರಿಗೆ?"

"ಎಲ್ಲಾರ್ಗೂ ಸರ್, ಒಬ್ರನ್ನೂ ಬಿಟ್ಟಿಲ್ಲ. ಸಿವಿಲ್‌ನೋರು ಮಾತ್ರ ಬಾಕಿ. ಈ ವಾರ ಅವ್ರಿಗೂ ಹಾಕ್ಬಿಡ್ತೀನಿ."

ಟ್ರಸ್ಟಿ ಕನ್ನಡಕ ತೆಗೆದು ಕೇಳಿದರಂತೆ, "ಅಲ್ಲಮ್ಮ, ಇದ್ರಿಂದ ಹುಡುಗರಿಗೆ ಏನು ಲಾಭ?"

"ಅವ್ರ ಬದ್ಲಿ ಎಲ್ಲಾ ಒಂದೇ ಹೆಸ್ರಲ್ಲಿ ಹೋಗತ್ತೆ ಸರ್. ಯಾರು ಕೇಳಿದ್ದು ಅಂತ ಆ ಕಡೆಯವ್ರಿಗೆ ಗೊತ್ತೇ ಆಗಲ್ಲ."

"ಪ್ರಿನ್ಸಿಪಾಲರಿಗೆ ಇದು ಗೊತ್ತಾ?"

"ಗೊತ್ತು ಸರ್. ಮೊದ್ಲು ಅವ್ರಿಗೇ ಹಾಕ್ಕೊಟ್ಟಿದ್ದು."

ಕತೆ ಇಲ್ಲಿಗೆ ಬಂದಾಗ ಕೇಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಕ್ಕಿದ್ದೇನೆ. ಆದರೆ ಪ್ರಿನ್ಸಿಪಾಲರಿಗೆ ಆ ಕ್ಷಣದಲ್ಲೇ ಎಡವಟ್ಟು ಅರ್ಥವಾಗಿತ್ತು. ಬಾಯಿ ಬಿಟ್ಟು ಒಂದು ಮಾತು, "ಸರ್, ಅದು ಬೇರೆ ಪ್ರಾಕ್ಸಿ" ಎಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ತಮ್ಮ ಹೆಸರು ಬಂತಲ್ಲ ಎಂದು ಗಾಬರಿಯಾಯಿತಂತೆ. ಟ್ರಸ್ಟಿಯ ಎದುರು ಕಾರ್ಯದರ್ಶಿಗಳನ್ನು ತಿದ್ದುವುದು ಚೆನ್ನಾಗಿರುವುದಿಲ್ಲ, ಆಮೇಲೆ ಒಬ್ಬರೇ ಇದ್ದಾಗ ಹೇಳೋಣ ಎಂದುಕೊಂಡರಂತೆ. ಮೇಲಿನವರ ಎದುರು ಬಾಯಿ ಹೊಲಿದುಕೊಳ್ಳುವ ಇಂಥ ಮರ್ಯಾದೆಗೆ ಬೆಂಕಿ ಹಾಕಬೇಕು.

ಹೇಮಾ ಹೊರಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. "ನಾಚಿಕೆ ಇಲ್ವಾ ಅಂದ್ರು ಅಕ್ಕಾ. ಯಾಕೆ ಅಂದ್ರು? ನಾನೇನ್ ಮಾಡ್ದೆ?" ಎಂದು ಕೇಳುತ್ತಲೇ ಇದ್ದಳು. ವಿಷಯವೇನೆಂದು ನಮಗೆ ಹೊಳೆಯುವ ಹೊತ್ತಿಗೆ ಮಧ್ಯಾಹ್ನದ ಸ್ಟಾಫ್ ಮೀಟಿಂಗ್ ಶುರುವಾಗಿತ್ತು. ಅಲ್ಲಿ ಕಾರ್ಯದರ್ಶಿಗಳು ಎಲ್ಲರ ಎದುರು, ಅವಳ ಹೆಸರು ಹಿಡಿದು, ಪ್ರಾಕ್ಸಿ ಹಾಕೋರಿಗೆ ಈ ಸಂಸ್ಥೆಯಲ್ಲಿ ಜಾಗವಿಲ್ಲ ಎಂದುಬಿಟ್ಟರು. ಹಿಂದೆ ಕೂತಿದ್ದ ಕೆಲವರು ಕಿಸಕ್ಕೆಂದರು. ನಾನು ಎದ್ದು "ಸರ್, ಒಂದು ನಿಮಿಷ" ಎಂದೆ. "ಕೂತ್ಕೊಳ್ಳಿ ಗಿರಿಜಮ್ಮ!" ಎಂದು ಗದರಿದರು.

ಮರುದಿನ ನಾನೂ ಪ್ರಿನ್ಸಿಪಾಲರೂ ಅವರನ್ನು ಕೈ ಹಿಡಿದು ಕರೆತಂದಂತೆ ಲ್ಯಾಬಿಗೆ ಕರೆತಂದೆವು. ಮೆಷಿನ್ ತೋರಿಸಿದೆ, ಹಾಸ್ಟೆಲಿನ ಆಯಾಳ ಕತೆ ಹೇಳಿದೆ. ಅವರು ಪೂರ್ತಿ ಕೇಳಿದರು. ದಡ್ಡರಲ್ಲ, ತಕ್ಷಣ ತಿಳಿಯಿತು.

"ಹಂಗಾದ್ರೆ ಒಳ್ಳೇ ಪ್ರಾಕ್ಸಿನೂ ಇದೆ ಅನ್ನಿ."

"ಹೌದು ಸರ್."

"ಮೊದ್ಲೇ ಬೇರೆ ಏನಾದ್ರೂ ಹೆಸರಿಡಕ್ಕೆ ಏನಾಗಿತ್ತು ನಿಮಗೆ?"

"ಹೆಸರು ನಾವಿಟ್ಟಿದ್ದಲ್ಲ ಸರ್. ಈಗ ಹೇಮಾವತಿದು ಏನ್ಮಾಡ್ತೀರಿ, ಅದನ್ನ ಹೇಳಿ."

ಅವರು ಶಲ್ಯ ಸರಿಮಾಡಿಕೊಂಡು ಕಿಟಕಿಯ ಕಡೆ ನೋಡಿದರು. "ಅಷ್ಟು ಜನದ ಮುಂದೆ ಹೇಳ್ಬಿಟ್ಟಿದೀನಲ್ಲಮ್ಮ. ಇವತ್ತು ತಿರುಗಿಸಿದ್ರೆ ನಾಳೆ ನನ್ನ ಮಾತಿಗೆ ಹುಡುಗರು ಬೆಲೆ ಕೊಡ್ತಾರಾ? ಒಂದು ವರ್ಷ ಹೋಗ್ಲಿ. ಮಾತು ತಣ್ಣಗಾಗ್ಲಿ. ಮುಂದಿನ ಸಲ ನಾನೇ ಮುಂದೆ ನಿಂತು ಮಾಡಿಸ್ತೀನಿ."

ಮೋಸ ಮಾಡಬೇಕೆಂದು ಹೇಳಿದ ಮಾತಲ್ಲ ಅದು. ಮುಂದಿನ ವರ್ಷ ಹೊಸ ಕಾಯಂ ಹುದ್ದೆಗಳೇ ಬೇಡವೆಂದು ಟ್ರಸ್ಟ್ ತೀರ್ಮಾನಿಸಿತು. ಅದರ ಮುಂದಿನ ವರ್ಷ ಕಾರ್ಯದರ್ಶಿಗಳು ಹಾಸಿಗೆ ಹಿಡಿದರು. ಹೇಮಾವತಿಯ ಹೆಸರನ್ನು ಎತ್ತುವವರು ನನ್ನ ಹೊರತು ಯಾರೂ ಉಳಿಯಲಿಲ್ಲ. ನನ್ನ ಮಾತು ಎಸಿ ರೂಮಿನ ಗಾಜಿನ ಬಾಗಿಲು ದಾಟುತ್ತಿರಲಿಲ್ಲ.

ಅವಳು ಗುತ್ತಿಗೆಯಲ್ಲೇ ಮುಂದುವರಿದಳು. ಕೆಲಸ ಅಚ್ಚುಕಟ್ಟು, ಒಂದು ದಿನವೂ ಕೊರತೆಯಿಲ್ಲ. ಆದರೆ ಮೊದಲಿನ ನಗು ಹೋಯಿತು. ಸ್ಟಾಫ್ ರೂಮಿನಲ್ಲಿ ಯಾರೋ ಒಬ್ಬರು ಅವಳನ್ನು ಕಂಡಾಗಲೆಲ್ಲ "ಏನ್ ಪ್ರಾಕ್ಸಿ ಮೇಡಂ, ಊಟ ಆಯ್ತಾ?" ಎನ್ನುತ್ತಿದ್ದರು. ತಮಾಷೆಗೇ. ಅವಳು ಡಬ್ಬಿಯನ್ನು ನನ್ನ ಕೋಣೆಗೆ ತಂದು ತಿನ್ನತೊಡಗಿದಳು. ಪ್ರಾಕ್ಸಿ ಎಂಬ ಮಾತನ್ನು ಮಾತ್ರ ಬಾಯಿಂದ ತೆಗೆದುಹಾಕಿದಳು. ನಮ್ಮಿಬ್ಬರ ನಡುವೆಯೂ ಅದು "ಆ ಮೆಷಿನ್" ಆಯಿತು. "ಅಕ್ಕಾ, ಆ ಮೆಷಿನ್ ಡಿಸ್ಕ್ ತುಂಬ್ತಾ ಬಂದಿದೆ." ಅವಳು ಆ ಮಾತು ಬಿಟ್ಟಿದ್ದನ್ನು ನಾನು ಆಗ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

ಅವಳ ಅಪ್ಪ ರಿಟೈರಾದರು. ಕ್ವಾರ್ಟರ್ಸ್ ಬಿಟ್ಟು ಭದ್ರಾವತಿಯಲ್ಲೇ ಒಂದು ಬಾಡಿಗೆ ಮನೆಗೆ ಹೋದರು. ಅಷ್ಟರಲ್ಲಿ ನಮ್ಮ ಕೆಲಸದ ರೀತಿಯೂ ಬದಲಾಗಿತ್ತು. ಕಂಪನಿಯವರು ಸಿದ್ಧಪಡಿಸಿದ ಪೆಟ್ಟಿಗೆಯೊಂದನ್ನು ತಂದಿಟ್ಟರೆ ಎರಡೂ ದಿಕ್ಕಿನ ಕೆಲಸವನ್ನು ಅದೇ ಮಾಡುತ್ತಿತ್ತು, ಕೆಟ್ಟರೆ ಅವರೇ ಬಂದು ನೋಡುತ್ತಿದ್ದರು. ಕಾಲೇಜು ಅಂಥದ್ದನ್ನು ಕೊಂಡಿತು. ಆ ಜೂನ್‌ನಲ್ಲಿ ಹೇಮಾವತಿಯನ್ನು ಮುಂದುವರಿಸಲಿಲ್ಲ.

ಹೋಗುವಾಗ ಕೊಡುವ ಅನುಭವ ಪ್ರಮಾಣಪತ್ರವನ್ನು ನಾನೇ ಬರೆದೆ. ಫಾರ್ವರ್ಡ್ ಮತ್ತು ರಿವರ್ಸ್ ಪ್ರಾಕ್ಸಿ ಸರ್ವರನ್ನು ಒಂದೇ ಯಂತ್ರದಲ್ಲಿ ಸ್ಥಾಪಿಸಿ ನಿರ್ವಹಿಸಿದ್ದಾರೆ ಎಂದು ಸ್ಪಷ್ಟವಾಗಿ ಬರೆದಿದ್ದೆ. ಆಫೀಸಿನಿಂದ ಟೈಪಾಗಿ ಬಂದಾಗ ಆ ಸಾಲೇ ಇಲ್ಲ. "ಲ್ಯಾಬ್ ಸಹಾಯಕಿಯಾಗಿ ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ" ಎಂದಷ್ಟೇ ಇತ್ತು. ಸೂಪರಿಂಟೆಂಡೆಂಟರನ್ನು ಕೇಳಿದರೆ, "ಆ ಶಬ್ದ ಯಾಕೆ ಮೇಡಂ, ಸರ್ಟಿಫಿಕೇಟಲ್ಲಿ ಚೆನ್ನಾಗಿರಲ್ಲ. ಆ ಯಮ್ಮಂಗೇ ತೊಂದ್ರೆ" ಎಂದರು. ತಾವು ಒಳ್ಳೆಯದಕ್ಕೇ ಹೇಳುತ್ತಿದ್ದೇವೆಂದು ಅವರು ನಂಬಿದ್ದರು. ನಾನು ಕೂಗಾಡಿದೆ. ಹೇಮಾ ನನ್ನ ಸೆರಗು ಹಿಡಿದೆಳೆದು "ಬಿಡಿ ಅಕ್ಕಾ, ಇದೇ ಸಾಕು" ಎಂದು ಅದನ್ನೇ ಮಡಿಸಿಟ್ಟುಕೊಂಡಳು.

ಕೆಲವು ತಿಂಗಳ ನಂತರ ಭದ್ರಾವತಿಯ ಒಂದು ಸಂಸ್ಥೆಯಲ್ಲಿ ಸಿಸ್ಟಮ್ ನೋಡಿಕೊಳ್ಳುವವರು ಬೇಕೆಂದು ತಿಳಿಯಿತು. ಅದೂ ಕಾಯಂ ಕೆಲಸ, ಅವಳ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅವರಿಗೆ ಬೇಕಾಗಿದ್ದುದೂ ಇದೇ, ಒಂದೇ ಸರ್ವರಿನಲ್ಲಿ ಒಳಗಿನವರಿಗೂ ಹೊರಗಿನವರಿಗೂ ಪ್ರಾಕ್ಸಿ. ಪರಿಚಯದವರೊಬ್ಬರ ಮೂಲಕ ನಾನು ಮೊದಲೇ ಹೇಳಿಸಿದ್ದೆ. "ಕಳ್ಸಿ ಮೇಡಂ, ಆ ಕೆಲಸ ಮಾಡಿದೋರು ನಮ್ಮ ಕಡೆ ಎಲ್ಲಿ ಸಿಗ್ತಾರೆ?" ಎಂದಿದ್ದರು. ಕೆಲಸ ಆದಂತೆಯೇ ಎಂದು ನಾನು ಸಂದರ್ಶನದ ಮಧ್ಯಾಹ್ನ ಬಸ್ ಹತ್ತಿ ಅವಳ ಮನೆಗೇ ಹೋದೆ, ಬೇಕರಿಯಿಂದ ಸ್ವೀಟ್ ಕಟ್ಟಿಸಿಕೊಂಡು.

ಬಾಗಿಲು ತೆಗೆದವಳ ಮುಖ ನೋಡಿಯೇ ಡಬ್ಬವನ್ನು ಬ್ಯಾಗಿನೊಳಗೆ ಇಟ್ಟುಕೊಂಡೆ.

"ಏನೇ ಹೇಮಾ, ಏನಾಯ್ತೇ? ಏನ್ ಕೇಳಿದ್ರು?"

"ಇಬ್ರು ಕಂಪ್ಯೂಟರ್ ಗೊತ್ತಿರೋ ಹುಡುಗ್ರು ಕೂತಿದ್ರು ಅಕ್ಕಾ. ಮಧ್ಯ ಒಬ್ರು ದೊಡ್ಡೋರು, ಬಿಳಿ ಅಂಗಿ. ಅವ್ರು ಏನೂ ಮಾತಾಡ್ಲಿಲ್ಲ, ಸುಮ್ನೆ ನನ್ನೇ ನೋಡ್ತಾ ಇದ್ರು. ಹುಡುಗ ಕೇಳ್ದ, ಮೇಡಂ, ನೀವು ಪ್ರಾಕ್ಸಿ ಹಾಕಿದೀರಾ ಅಂತ."

"ಹೇಳ್ದೆ ತಾನೆ?"

ಅವಳು ಎದ್ದು ಅಡುಗೆಮನೆಯ ಬಾಗಿಲನ್ನು ಮುಂದೆ ಮಾಡಿದಳು. ಒಳಗೆ ಅವಳ ಅಮ್ಮ ಕಾಫಿಗೆ ಹಾಲಿಡುತ್ತಿದ್ದರು.

"ಇಲ್ಲ ಅಂದೆ ಅಕ್ಕಾ."

"ಏನಂದೆ?"

"ಇಲ್ಲ ಸರ್, ನಾನು ಯಾವತ್ತೂ ಪ್ರಾಕ್ಸಿ ಹಾಕಿಲ್ಲ ಅಂದೆ. ಯಾವ ಪ್ರಾಕ್ಸಿ ಕೇಳ್ತಿದಾರೆ ಅಂತ ಗೊತ್ತಿತ್ತು ಅಕ್ಕಾ, ಚೆನ್ನಾಗೇ ಗೊತ್ತಿತ್ತು. ಆ ದೊಡ್ಡೋರು ನೋಡ್ತಾ ಇದ್ರಲ್ಲ, ಬಾಯಲ್ಲಿ ಅದೇ ಬಂತು. ಆ ಹುಡುಗ ಪಾಪ, ಒಳ್ಳೆಯವ್ನು, ಸಹಾಯ ಮಾಡಕ್ಕೆ ನೋಡ್ದ. ಪರ್ವಾಗಿಲ್ಲ ಹೇಳಿ ಮೇಡಂ, ಸ್ವಲ್ಪನಾದ್ರೂ ಹಾಕಿರ್ತೀರಲ್ಲ ಅಂತ ಇನ್ನೊಂದ್ಸಲ ಕೇಳ್ದ."

ನಾನು ಅವಳ ಕೈ ಹಿಡಿದುಕೊಂಡೆ.

"ಆಣೆ ಮಾಡಿ ಹೇಳ್ತೀನಿ ಸರ್, ಹಾಕಿಲ್ಲ ಅಂದ್ಬಿಟ್ಟೆ ಅಕ್ಕಾ."